ಇಬ್ಬರು ಸೇರಿ ಒಬ್ಬ ಟರ್ನರ್

ನ್ಯಾಮತಿಯ ಬಸ್‌ಸ್ಟ್ಯಾಂಡಿನಿಂದ ಸವಳಂಗದ ರಸ್ತೆಗೆ ತಿರುಗಿದರೆ ಎಡಗಡೆ ಒಂದು ತಗಡಿನ ಶೆಡ್ಡು ಸಿಗುತ್ತಿತ್ತು. ಅದರೊಳಗೆ ಕಬ್ಬಿಣವನ್ನು ತಿರುಗಿಸಿ ಕೊರೆಯುವ ಒಂದು ಲೇತ್ ಮೆಶಿನ್ನು, ಆ ಮೆಶಿನ್ನಿನ ಮುಂದೆ ಇಬ್ಬರು ಗಂಡಸರು. ಒಬ್ಬ ಮರುಳಸಿದ್ದಪ್ಪ, ಇನ್ನೊಬ್ಬ ಬುಡನ್‌ಸಾಬ್. ಒಂದು ಮೆಶಿನ್ನಿಗೆ ಇಬ್ಬರು ಯಾಕೆ ಎಂದು ಹೊಸದಾಗಿ ಬಂದ ಗಿರಾಕಿಗಳು ಕೇಳುತ್ತಿದ್ದರು. ಹಳೇ ಗಿರಾಕಿಗಳು ಕೇಳುತ್ತಿರಲಿಲ್ಲ. ತಕ್ಕಡಿಗೆ ಎರಡು ತಟ್ಟೆ ಯಾಕೆ ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ.

ಇದಕ್ಕೊಂದು ಇತಿಹಾಸವಿದೆ. ಇಬ್ಬರೂ ಮೀಸೆ ಮೂಡುವ ಮೊದಲೇ ದಾವಣಗೆರೆಯ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿಯಲು ಸೇರಿದ್ದರು. ಅಲ್ಲಿ ಇದ್ದದ್ದು ಒಂದೇ ಲೇತು, ಒಬ್ಬನೇ ಉಸ್ತಾದ. ಆ ಉಸ್ತಾದನಿಗೆ ಜೀವನದಲ್ಲಿ ಇದ್ದದ್ದೂ ಒಂದೇ ಆಸೆ, ಸ್ಟೂಲಿನ ಮೇಲೆ ಕೂತು ಬೀಡಿ ಸೇದಬೇಕು ಅನ್ನುವುದು. ಆತ ಇಬ್ಬರನ್ನೂ ಒಂದೇ ಮೆಶಿನ್ನಿಗೆ ಹಚ್ಚಿ, ಮರುಳಸಿದ್ದಪ್ಪನ ಕೈಗೆ ಬಲಗಡೆಯ ಲಿವರನ್ನೂ ಬುಡನ್‌ಸಾಬನ ಕೈಗೆ ಎಡಗಡೆಯ ಹ್ಯಾಂಡಲ್ಲನ್ನೂ ಕೊಟ್ಟು ನಿಶ್ಚಿಂತನಾದ. ವರ್ಷಗಟ್ಟಲೆ ಹಾಗೇ ನಡೆಯಿತು. ಕೆಲಸ ಕಲಿತು ಹೊರಗೆ ಬಂದಾಗ ಒಂದು ಸತ್ಯ ಬಯಲಾಯಿತು. ಮಿಕ್ಕ ಕೆಲಸವೆಲ್ಲ ಇಬ್ಬರಿಗೂ ಪೂರ್ತಿ ಬರುತ್ತಿತ್ತು. ಥ್ರೆಡ್ಡು ಹಾಕುವುದು ಮಾತ್ರ ಒಬ್ಬೊಬ್ಬರಿಗೆ ಅರ್ಧರ್ಧ ಬರುತ್ತಿತ್ತು. ಬೇರೆ ಬೇರೆ ಹೋದರೆ ಇಬ್ಬರೂ ಉಪವಾಸ, ಒಟ್ಟಿಗೆ ಇದ್ದರೆ ಒಬ್ಬ ಒಳ್ಳೇ ಟರ್ನರ್. ಹಾಗಾಗಿ ಒಟ್ಟಿಗೇ ನ್ಯಾಮತಿಗೆ ಬಂದು ಶೆಡ್ಡು ಹಾಕಿದರು.

ಥ್ರೆಡ್ಡು ಅಂದರೆ ಬೋಲ್ಟಿನ ಮೈಮೇಲೆ ಸುತ್ತಿಕೊಂಡು ಹೋಗುವ ಆ ಸುರುಳಿ ಗೀರು. ಅದನ್ನು ಒಂದೇ ಸಲಕ್ಕೆ ಕೊರೆಯಲಾಗುವುದಿಲ್ಲ. ತಿರುಗುವ ಕಬ್ಬಿಣದ ಮೇಲೆ ಉಳಿಯಂಥ ಟೂಲು ಗೀರೆಳೆಯುತ್ತ ಕೊನೆಯವರೆಗೆ ಓಡಬೇಕು. ಕೊನೆ ಮುಟ್ಟಿದ ಕೂಡಲೇ ಹಿಂದಕ್ಕೆ ಸರಿಯಬೇಕು. ಕಣ್ಣು ಮಿಟುಕಿಸುವಷ್ಟು ತಡವಾದರೂ ಟೂಲೂ ಹೋಯಿತು, ಮಾಲೂ ಹೋಯಿತು. ಆಮೇಲೆ ಮೊದಲಿನ ಜಾಗಕ್ಕೆ ಬಂದು, ಅದೇ ಗೀರಿನೊಳಗೆ ಕೂದಲೆಳೆಯಷ್ಟು ಆಳಕ್ಕಿಳಿದು, ಮತ್ತೆ ಓಡಬೇಕು. ಓಡಿಸುವ ಲಿವರು ಮರುಳಸಿದ್ದಪ್ಪನದು. ಹಿಂದಕ್ಕೆಳೆದು ಮತ್ತೆ ಅದೇ ಜಾಗದಲ್ಲಿ ತಂದು ಕೂರಿಸುವ ಹ್ಯಾಂಡಲ್ಲು ಬುಡನ್‌ಸಾಬನದು. ಮರುಳಸಿದ್ದಪ್ಪ 'ಎಳೀರಿ' ಅನ್ನುವುದು, ಬುಡನ್‌ಸಾಬ್ 'ಹೂಂ' ಅನ್ನುವುದು. ಇವನು 'ಕೂರಿಸ್ರಿ' ಅನ್ನುವುದು, ಅವನು ಮತ್ತೆ 'ಹೂಂ' ಅನ್ನುವುದು. ದಿನವೆಲ್ಲ ಅವರ ಮಾತು ಇಷ್ಟೇ. ಮದುವೆಯಿಲ್ಲದ ಮರುಳಸಿದ್ದಪ್ಪನಿಗೆ ಸಂಸಾರ ಅಂತ ಇದ್ದದ್ದೂ ಇಷ್ಟೇ.

ಮದುವೆ ಯಾಕಾಗಲಿಲ್ಲ ಎಂದರೆ ಅದು ಅವನ ಅಕ್ಕ ಅನ್ನಪೂರ್ಣಮ್ಮನ ತಪ್ಪಲ್ಲ. ತ್ಯಾವಣಿಗೆಗೆ ಮದುವೆಯಾಗಿ ಹೋಗಿದ್ದ ಆಕೆ ತಮ್ಮನಿಗೆ ಹೆಣ್ಣು ಹುಡುಕಿ ಹುಡುಕಿ ಸವೆದಿದ್ದಳು. ಚನ್ನಗಿರಿಯಲ್ಲಿ ಒಂದು ಹುಡುಗಿಯನ್ನು ನೋಡಲು ಕರೆದುಕೊಂಡು ಹೋದಾಗ ಇವನು ಆ ಮನೆಯ ಮೂಲೆಯಲ್ಲಿದ್ದ ಹೊಲಿಗೆ ಮೆಶಿನ್ನನ್ನು ನೋಡುತ್ತ ಕೂತ. ಹೊರಗೆ ಬಂದ ಮೇಲೆ ಹೆಂಗನ್ನಿಸಿತು ಎಂದು ಅಕ್ಕ ಆಸೆಯಿಂದ ಕೇಳಿದರೆ, ಪೆಡಲು ಸ್ವಲ್ಪ ಲೂಜಾಗಿದೆ, ಬಿಗಿ ಮಾಡಿದರೆ ಇನ್ನೂ ಬಹಳ ವರ್ಷ ಬರುತ್ತದೆ ಎಂದು ಅಭಿಪ್ರಾಯ ಕೊಟ್ಟ. ಅನ್ನಪೂರ್ಣಮ್ಮ ಅಲ್ಲಿಂದ ತ್ಯಾವಣಿಗೆಯವರೆಗೆ ಬಸ್ಸಿನಲ್ಲಿ ಅವನ ಜೊತೆ ಮಾತಾಡಲಿಲ್ಲ.

ಹೀಗೆ ಸುಖವಾಗಿದ್ದ ಶೆಡ್ಡಿಗೆ ಒಂದು ದಿನ ಗೋವಿನಕೋವಿಯ ಗಿರಾಕಿಯೊಬ್ಬರು ಪಂಪ್‌ಸೆಟ್ಟಿನ ಶಾಫ್ಟು ಹಿಡಿದುಕೊಂಡು ಬಂದರು. ಥ್ರೆಡ್ಡು ಹಾಕಿ ಕೊಟ್ಟ ಮೇಲೆ ಅದಕ್ಕೆ ನಟ್ಟು ಕೂರಿಸಿ ಬೆರಳ ತುದಿಯಲ್ಲಿ ಸುಮ್ಮನೆ ತಳ್ಳಿದರು. ನಟ್ಟು ನುಣ್ಣಗೆ ಸುತ್ತುತ್ತ ಕೊನೆಯವರೆಗೆ ಹೋಗಿ ನಿಂತಿತು. ಅವರಿಗೆ ಬಹಳ ಸಂತೋಷವಾಗಿ, ಇದು ಯಾರ ಕೈಕೆಲಸ ಎಂದು ಕೇಳಿದರು.

ಮರುಳಸಿದ್ದಪ್ಪ ಶರ್ಟಿನ ಕಾಲರು ಸರಿಮಾಡಿಕೊಂಡು, "ನಂದೇ" ಅಂದ.

ಬುಡನ್‌ಸಾಬ್ ಎಣ್ಣೆ ಡಬ್ಬದ ಮೂತಿ ಒರೆಸುತ್ತಿದ್ದವನು ಒರೆಸುವುದನ್ನು ನಿಲ್ಲಿಸಿದ. ಗಿರಾಕಿ ಹೋದ ಮೇಲೆ ಕೈಯನ್ನು ಸೋಪುಪುಡಿ ಹಾಕಿ ಮೊಣಕೈಯವರೆಗೂ ತೊಳೆದುಕೊಂಡ. ಜಗಳೂರಿನಲ್ಲಿ ಮಗಳು ಶಹರಬಾನು ಬಾ ಬಾ ಎಂದು ಕರೆಯುತ್ತಲೇ ಇದ್ದಾಳೆ, ಅಳಿಯನೂ ಒಂದು ಲೇತು ಇಟ್ಟಿದ್ದಾನೆ, ಹೋಗಿ ನೋಡಿಕೊಂಡು ಬರುತ್ತೇನೆ ಎಂದ. ಈಗ ಮರುಳಸಿದ್ದಪ್ಪ ಹೇಳಬೇಕಾಗಿದ್ದದ್ದು ಒಂದೇ ಮಾತು, ಅದೂ ಕಷ್ಟದ ಮಾತೇನಲ್ಲ. ಆದರೆ ಅವನ ಬಾಯಿಂದ ಬಂದದ್ದು ಬೇರೆ.

"ಹೋಗ್ರಿ, ಯಾರು ಬ್ಯಾಡ ಅಂದ್ರು. ನಾನೊಬ್ನೇ ಸಾಕು."

ಎದುರಿಗಿದ್ದ ಹಿಟ್ಟಿನ ಗಿರಣಿಯ ಕಸ್ತೂರಮ್ಮನಿಗೆ ಇದು ಕೇಳಿಸಿತು. ಗಿರಣಿಯ ಸದ್ದಿನಲ್ಲೇ ಬದುಕಿದ ಆಕೆಗೆ ತನ್ನ ಹೆಸರು ಕೂಗಿದರೆ ಕೇಳುತ್ತಿರಲಿಲ್ಲ, ಬೇರೆಯವರ ಮನೆಯ ಪಿಸುಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಸಂಜೆಗೆ ರಾಗಿ ಬೀಸಿಸಿಕೊಂಡು ಹೋದವರೆಲ್ಲ ಹಿಟ್ಟಿನ ಜೊತೆ ಈ ಮಾತನ್ನೂ ಮನೆಗೆ ಒಯ್ದರು. 'ನಾನೊಬ್ಬನೇ ಸಾಕು' ಎಂದು ಊರಿಗೆಲ್ಲ ಗೊತ್ತಾದ ಮೇಲೆ ಮರುಳಸಿದ್ದಪ್ಪನಿಗೆ ಒಬ್ಬನೇ ಸಾಕಾಗದೆ ಗತಿಯಿರಲಿಲ್ಲ.

ಸಾಕಾಗಲಿಲ್ಲ. ಮರುದಿನ ಒಬ್ಬನೇ ಥ್ರೆಡ್ಡು ಹಾಕಲು ನಿಂತ. ಬಲಗೈ ತನ್ನ ಕೆಲಸ ಮಾಡಿತು. ಎಡಗೈ ಯಾರದೋ ಮದುವೆಗೆ ಬಂದ ನೆಂಟನ ಹಾಗೆ ಸುಮ್ಮನೆ ನಿಂತಿತ್ತು. ಟೂಲು ಕೊನೆ ಮುಟ್ಟಿದಾಗ ಅಭ್ಯಾಸಬಲದಿಂದ 'ಎಳೀರಿ' ಅಂದ. 'ಹೂಂ' ಅನ್ನುವವರು ಯಾರೂ ಇರಲಿಲ್ಲ. ಟೂಲು ಹೋಗಿ ಶಾಫ್ಟಿನ ದಪ್ಪ ಭಾಗಕ್ಕೆ ಬಡಿದು ಚೂರಾಯಿತು. ಮತ್ತೆ ಪ್ರಯತ್ನಿಸಿದ, ಮತ್ತೆ ಚೂರಾಯಿತು. ಈ ದೃಶ್ಯವನ್ನು ಕಸ್ತೂರಮ್ಮ ನೋಡುವುದು ಬೇಡವೆಂದು ಅವನು ಎದ್ದು ಬಾಗಿಲು ಹಾಕಿ ಚಿಲಕ ಸರಿಸಿದ. ಸರಿಸಿದವನು ಅಲ್ಲೇ ನಿಂತ. ಚಿಲಕವನ್ನು ಹಿಂದಕ್ಕೆಳೆದು ನೋಡಿದ, ಮುಂದಕ್ಕೆ ತಳ್ಳಿ ನೋಡಿದ. ಎಷ್ಟು ಸಲ ಎಳೆದು ತಳ್ಳಿದರೂ ಅದು ಹೋಗಿ ಕೂರುವುದು ಮೊದಲಿನ ತೂತಿನಲ್ಲೇ. ಟೂಲಿಗೂ ಇಂಥದ್ದೊಂದು ಯಾಕಿರಬಾರದು ಎಂದು ಅವನಿಗೆ ಹೊಳೆಯಿತು.

ಅಂದಿನಿಂದ ಶುರುವಾದದ್ದು ಒಂದು ಟೂಲ್ ಹೋಲ್ಡರು. ಅಂಗೈ ಅಗಲದ ಕಬ್ಬಿಣದ ಬ್ಲಾಕು, ಅದರೊಳಗೆ ಹಿಂದೆ ಮುಂದೆ ಜಾರುವ ನಾಲಿಗೆ, ನಾಲಿಗೆಯ ತುದಿಗೆ ಟೂಲು, ಹಿಂದೆ ಗುಜರಿ ಜೀಪಿನ ಇಂಜಿನ್ನಿಂದ ಕಿತ್ತ ಸ್ಪ್ರಿಂಗು, ಮೇಲೊಂದು ಗಿಡ್ಡ ಲಿವರು. ಲಿವರನ್ನು ಹೆಬ್ಬೆರಳಲ್ಲಿ ಆಚೆ ತಳ್ಳಿದರೆ ಟೂಲು ಪಟ್ಟನೆ ಹಿಂದಕ್ಕೆ ಹೋಗಬೇಕು. ಈಚೆ ಎಳೆದರೆ ಮೊದಲಿದ್ದ ಜಾಗದಲ್ಲೇ ಬಂದು ಕೂರಬೇಕು. ಬುಡನ್‌ಸಾಬನ ಅಷ್ಟು ವರ್ಷದ ವಿದ್ಯೆಯನ್ನು ಅಂಗೈ ಅಗಲಕ್ಕೆ ಇಳಿಸುವ ಕೆಲಸ ಇದು. ಹಿಂದಕ್ಕೇನೋ ಅದು ಮೊದಲ ದಿನವೇ ಹೋಯಿತು. ಮುಂದಕ್ಕೆ ಬರುವಾಗ ಮಾತ್ರ ಒಂದು ಸಲ ಒಂದು ಕಡೆ, ಇನ್ನೊಂದು ಸಲ ಇನ್ನೊಂದು ಕಡೆ. ಮರುಳಸಿದ್ದಪ್ಪ ಬಿಚ್ಚಿದ, ಅರದಿಂದ ಉಜ್ಜಿದ, ಕೂರಿಸಿದ, ಮತ್ತೆ ಬಿಚ್ಚಿದ. ಯಾವ ಕೆಲಸ ಬಂದರೂ ಮೆಶಿನ್ನು ರಿಪೇರಿಯಲ್ಲಿದೆ ಎಂದು ಬಾಗಿಲ ಸಂದಿಯಿಂದಲೇ ಹೇಳಿ ಕಳಿಸಿದ.

ಮುಚ್ಚಿದ ಬಾಗಿಲ ಹಿಂದೆ ಮನುಷ್ಯ ಸುಮ್ಮನಿರಬೇಕು. ಇವನು ಸುಮ್ಮನಿರಲಿಲ್ಲ. ವರ್ಷಗಟ್ಟಲೆ 'ಎಳೀರಿ, ಕೂರಿಸ್ರಿ' ಎಂದು ಹೇಳಿದ ಬಾಯಿ ಒಮ್ಮೆಗೇ ಮುಚ್ಚಿಕೊಳ್ಳುವುದು ಹೇಗೆ? ಹೋಲ್ಡರಿನ ಜೊತೆಗೇ ಮಾತು ಬೆಳೆಯಿತು. ಸರಿ ಬಂದಾಗ ಹೊಗಳುತ್ತಿದ್ದ, ಬರದಿದ್ದಾಗ ರಮಿಸುತ್ತಿದ್ದ. ರಸ್ತೆಯ ಆಚೆಗೆ ಕಸ್ತೂರಮ್ಮ ಬೆಲ್ಟು ಬಿಚ್ಚಿ ಗಿರಣಿ ನಿಲ್ಲಿಸಿದಾಗ ಸ್ಪಷ್ಟವಾಗಿ ಕೇಳಿಸಿದ್ದು ಹೀಗೆ:

"ಬಾ ನಮ್ಮವ್ವ. ಹಂಗೆ ದೂರ ಹೋಗಿ ನಿಂತ್ರೆ ಹೆಂಗೆ? ಮೊದ್ಲು ಎಲ್ಲಿದ್ಯೋ ಅಲ್ಲಿಗೇ ಬಾ."

ಕಸ್ತೂರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಹಾಗೆಂದು ಕೇಳಿದ್ದನ್ನೆಲ್ಲ ನಂಬುವ ಹೆಂಗಸಲ್ಲ ಆಕೆ. ಸಾಕ್ಷಿ ಬೇಕಾಗಿತ್ತು. ಅದನ್ನು ಒದಗಿಸಿದವನು ಟೀ ಅಂಗಡಿಯ ಚಿಕ್ಕಹನುಮಂತಪ್ಪ. ಶೆಡ್ಡಿಗೆ ದಿನಾ ಎರಡು ಟೀ ಹೋಗುವುದು ಹಳೇ ಪದ್ಧತಿ. ಬುಡನ್‌ಸಾಬ್ ಹೋದ ಮೇಲೂ ಎರಡೇ ಹೋಗುತ್ತಿದ್ದವು. ಒಂದು ಸಾಕು ಎಂದು ಹೇಳಬೇಕೆಂದು ಮರುಳಸಿದ್ದಪ್ಪನಿಗೆ ಎಷ್ಟೋ ಸಲ ಅನ್ನಿಸಿತ್ತು. ಹೇಳಿದರೆ ಬುಡನ್‌ಸಾಬ್ ನಿಜವಾಗಿಯೂ ಹೋದ ಹಾಗಾಗುತ್ತದೆ ಎಂದು ಹೆದರಿ ಸುಮ್ಮನಿದ್ದ. ಒಂದು ಟೀ ಬಿಸಿಯಾಗಿ ಕುಡಿಯುವುದು, ಇನ್ನೊಂದನ್ನು ಸ್ಟೂಲಿನ ಮೇಲಿಟ್ಟು ಆರಿದ ಮೇಲೆ ಕುಡಿಯುವುದು. ಲೋಟ ತೆಗೆದುಕೊಂಡು ಹೋಗಲು ಬಂದ ಚಿಕ್ಕಹನುಮಂತಪ್ಪನಿಗೆ ಎರಡೂ ಖಾಲಿ ಸಿಗುತ್ತಿದ್ದವು. ಇದನ್ನು ಅವನು ಕಸ್ತೂರಮ್ಮನಿಗೆ ಹೇಳಿದ.

ಇನ್ನು ಸರ್ಕಾರದ ಕಡೆಯಿಂದ ಒಂದು ಸಾಕ್ಷಿ ಬಾಕಿಯಿತ್ತು. ಕರೆಂಟು ಮೀಟರು ನೋಡಲು ಬರುವ ವಿರೂಪಾಕ್ಷಪ್ಪ ಅದನ್ನೂ ಪೂರೈಸಿದರು. ಶೆಡ್ಡಿನ ಹೊರಗೋಡೆಯ ಮೀಟರು ನೋಡಿ, ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿ, ಗಿರಣಿಗೆ ಬಂದು ಗಂಭೀರವಾಗಿ ಹೇಳಿದರು: ಹೋದ ತಿಂಗಳಿಂದ ಮುಳ್ಳು ಅಲ್ಲಾಡಿಯೇ ಇಲ್ಲ ಅನ್ನಬಹುದು, ಅಂದರೆ ಮೆಶಿನ್ನು ತಿರುಗಿಲ್ಲ. ಮೆಶಿನ್ನು ತಿರುಗದೆ ಒಬ್ಬ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಬಾಗಿಲು ಹಾಕಿಕೊಂಡು ಒಳಗೆ ಏನು ಮಾಡುತ್ತಾನೆ ಅನ್ನುವುದು ತಮ್ಮ ಇಲಾಖೆಗೆ ಸಂಬಂಧಪಟ್ಟ ವಿಷಯವಲ್ಲ, ಆದರೂ. ಅರಕ್ಕೆ ಕರೆಂಟು ಬೇಕಾಗಿಲ್ಲ ಅನ್ನುವುದು ಅವರಿಗೆ ಹೊಳೆಯಲಿಲ್ಲ. ಆ 'ಆದರೂ'ವನ್ನು ಹಿಡಿದುಕೊಂಡು ಊರು ಮುಂದಕ್ಕೆ ಹೋಯಿತು.

ಒಳಗೆ ಒಬ್ಬಳು ಹೆಂಗಸಿದ್ದಾಳೆ ಎಂದು ತೀರ್ಮಾನವಾಯಿತು. ಸುದ್ದಿ ಬಸ್ಸು ಹತ್ತಿತು. ಒಂದು ತ್ಯಾವಣಿಗೆಗೆ ಹೋಯಿತು, ಅದು ಸುಮಾರಾಗಿ ಇದ್ದ ಹಾಗೇ ಮುಟ್ಟಿತು. ಇನ್ನೊಂದು ಜಗಳೂರಿಗೆ ಹೊರಟಿತು. ದಾರಿ ದೂರ, ಬಸ್ಸು ಬದಲಿಸಬೇಕು. ಹೊನ್ನಾಳಿಯಲ್ಲಿ ಅದು ಮದುವೆಯಾಯಿತು, ದಾವಣಗೆರೆಯಲ್ಲಿ ಜನ ತಮ್ಮ ಗಡಿಬಿಡಿಯಲ್ಲಿ ಹೆಂಗಸನ್ನು ಕೈಬಿಟ್ಟರು, ಜಗಳೂರು ಮುಟ್ಟಿದಾಗ ಉಳಿದದ್ದು ಇಷ್ಟು: ಮರುಳಸಿದ್ದಪ್ಪ ಬುಡನ್‌ಸಾಬನ ಜಾಗಕ್ಕೆ ಬೇರೆ ಯಾರನ್ನೋ ಇಟ್ಟುಕೊಂಡಿದ್ದಾನೆ.

ಮೊದಲು ಬಂದವಳು ಅಕ್ಕ. ಸುದ್ದಿ ಕೇಳಿದ ಕೂಡಲೇ ಅನ್ನಪೂರ್ಣಮ್ಮ ಅತ್ತಳು, ಎದುರಿಗಿಲ್ಲದ ತಮ್ಮನನ್ನು ಬಾಯಿಗೆ ಬಂದ ಹಾಗೆ ಬೈದಳು, ಆಮೇಲೆ ಕಣ್ಣೊರೆಸಿಕೊಂಡು ಟ್ರಂಕು ತೆಗೆದಳು. ಅವಳು ಯಾರೇ ಆಗಿರಲಿ, ಯಾವ ಜನವೇ ಆಗಿರಲಿ, ತಮ್ಮನ ಎದುರಿಗೆ ಕೂತು ಒಂದು ತುತ್ತು ಉಣ್ಣುತ್ತಾಳಲ್ಲ, ಅಷ್ಟು ಸಾಕು ಎಂದು ಆಕೆಗೆ ಅನ್ನಿಸಿಬಿಟ್ಟಿತ್ತು. ತಮ್ಮನ ಹೆಂಡತಿಗೆಂದು ಎತ್ತಿಟ್ಟು ಮಡಿಕೆಯಲ್ಲೇ ಹಳತಾಗುತ್ತಿದ್ದ ಸೀರೆ, ಕುಬಸದ ಕಣ, ಅರಿಶಿನ ಕುಂಕುಮ ಚೀಲಕ್ಕೆ ಹಾಕಿಕೊಂಡಳು. ಕೈಯ ಅಳತೆ ಗೊತ್ತಿಲ್ಲದ್ದರಿಂದ ಬಳೆಯನ್ನು ಸಣ್ಣದು, ನಡುವಿನದು, ದೊಡ್ಡದು ಎಲ್ಲ ತೆಗೆದುಕೊಂಡಳು. ಬಳೆ ಒಡೆಯಬಾರದೆಂದು ದಾರಿಯುದ್ದಕ್ಕೂ ಚೀಲ ತೊಡೆಯ ಮೇಲೇ ಇತ್ತು.

ಶೆಡ್ಡಿನ ಮುಂದೆ ಆಕೆಯ ಜೊತೆ ಕಸ್ತೂರಮ್ಮ ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡೇ ಬಂದು ನಿಂತಳು. ಚಿಕ್ಕಹನುಮಂತಪ್ಪ ಟೀ ಹಿಡಿದು ನಿಂತ. ಬಾಗಿಲು ತಟ್ಟುವವರು ಯಾರು ಎಂಬ ಪ್ರಶ್ನೆ ಬಂದಾಗ, ಬೇರೆಯವರಿಗೆ ಹಕ್ಕಿಲ್ಲದಿದ್ದರೂ ಮೀಟರಿನವರು ಯಾವ ಹೊತ್ತಿನಲ್ಲಿ ಬೇಕಾದರೂ ತಟ್ಟಬಹುದು ಎಂದು ವಿರೂಪಾಕ್ಷಪ್ಪ ಕಾನೂನು ಹೇಳಿ, ಮುಂದೆ ಬಂದು ತಟ್ಟಿದರು.

ಒಳಗೆ ಮರುಳಸಿದ್ದಪ್ಪನ ಸ್ಥಿತಿ ಬೇರೆಯಿತ್ತು. ಸ್ವಲ್ಪ ಹೊತ್ತಿನ ಹಿಂದೆಯಷ್ಟೇ ಟೂಲು ಹಿಂದಕ್ಕೆ ಹೋಗಿ ಮೊದಲಿನ ಜಾಗಕ್ಕೆ ಬಂದು ಕೂತಿತ್ತು. ನಂಬಿಕೆಯಾಗದೆ ಮತ್ತೆ ಮತ್ತೆ ತಳ್ಳಿ ಎಳೆದು ನೋಡಿದ್ದ. ಪ್ರತಿಸಲವೂ ಅದೇ ಗೀರು. ಸಂತೋಷ ತಡೆಯಲಾರದೆ ಪಕ್ಕಕ್ಕೆ ತಿರುಗಿದ್ದ, ಪಕ್ಕದಲ್ಲಿ ಎಣ್ಣೆ ಡಬ್ಬ ಇತ್ತು. ಹೇಳಿಕೊಳ್ಳಲು ಯಾರಾದರೂ ಸಿಕ್ಕರೆ ಸಾಕಪ್ಪ ಅನ್ನುವ ಹೊತ್ತಿಗೆ ಬಾಗಿಲ ಸದ್ದಾಗಿತ್ತು. ತೆರೆದರೆ ಅಕ್ಕ, ಹಿಂದೆ ಅರ್ಧ ನ್ಯಾಮತಿ.

"ಎಲ್ಲಪ್ಪಾ?" ಅಂದಳು ಅಕ್ಕ.

ತನ್ನ ಕೆಲಸದ ಸುದ್ದಿ ತ್ಯಾವಣಿಗೆಯವರೆಗೂ ಹೋಗಿದೆಯಲ್ಲ ಎಂದು ಅವನ ಮುಖ ಅರಳಿತು. ಮೆಶಿನ್ನಿನವರು ಸಂತೋಷವಾದಾಗ ಕಬ್ಬಿಣವನ್ನು ಅವಳು ಇವಳು ಅನ್ನುವ ರೂಢಿ ಉಂಟು. ಅವನೂ ಹಾಗೇ ಅಂದ.

"ಒಳಗೆ ಅದಾಳೆ, ಬಾರಕ್ಕ. ಇಷ್ಟು ದಿನ ಬಾಳ ಹಠ ಮಾಡಿದ್ಲು. ಇವತ್ತು ಹಾದಿಗೆ ಬಂದ್ಲು."

"ಪಾಪ, ಊಟಕ್ಕೆ ಏನು ಕೊಡ್ತೀಯೋ?"

"ಎರಡು ಹನಿ ಎಣ್ಣೆ ಬಿಟ್ರೆ ಸಾಕು."

ಕಸ್ತೂರಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು. ಎಲ್ಲರೂ ಒಳಗೆ ನುಗ್ಗಿದರು. ಮೆಶಿನ್ನಿನ ಹಿಂದೆ ನೋಡಿದರು, ಗೋಣಿಚೀಲದ ಮರೆಯಲ್ಲಿ ನೋಡಿದರು. ವಿರೂಪಾಕ್ಷಪ್ಪ ಸ್ಟೂಲಿನ ಕೆಳಗೂ ಬಗ್ಗಿ ನೋಡಿದರು, ಅಲ್ಲಿ ಯಾವ ಅಳತೆಯ ಹೆಂಗಸು ಇರಬಹುದೆಂದು ಅವರು ಎಣಿಸಿದ್ದರೋ ಗೊತ್ತಿಲ್ಲ. ಮರುಳಸಿದ್ದಪ್ಪ ಇದನ್ನೆಲ್ಲ ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಹೋಲ್ಡರಿನ ಮುಂದೆ ನಿಂತು ಲಿವರು ತಳ್ಳಿದ, ಟೂಲು ಪಟ್ಟನೆ ಹಿಂದೆ ಹೋಯಿತು. ಎಳೆದ, ಬಂದು ಕೂತಿತು. ಇಷ್ಟು ದಿನ ಇದಕ್ಕೊಬ್ಬ ಮನುಷ್ಯ ಬೇಕಾಗುತ್ತಿತ್ತು, ಇನ್ನು ಬೇಕಾಗಿಲ್ಲ ಎಂದು ವಿವರಿಸಿದ. ಅದೇ ಇದು, ಇಷ್ಟೇ ಇರುವುದು ಎಂದು ಜನಕ್ಕೆ ನಿಧಾನವಾಗಿ ಅರ್ಥವಾಯಿತು. ಚಿಕ್ಕಹನುಮಂತಪ್ಪ ಎರಡೂ ಲೋಟವನ್ನು ಸ್ಟೂಲಿನ ಮೇಲಿಟ್ಟು ಯಾರ ಮುಖವನ್ನೂ ನೋಡದೆ ಹೊರಟುಹೋದ.

"ಇನ್ನು ಮ್ಯಾಲೆ ನಂಗೆ ಯಾರೂ ಬ್ಯಾಡ ಅಕ್ಕ," ಅಂದ ಮರುಳಸಿದ್ದಪ್ಪ ಹೆಮ್ಮೆಯಿಂದ.

ಅನ್ನಪೂರ್ಣಮ್ಮ ಚೀಲವನ್ನು ತಬ್ಬಿಕೊಂಡು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ತನ್ನ ಕೆಲಸ ನೋಡಿ ಅಕ್ಕನಿಗೆ ಆನಂದಬಾಷ್ಪ ಬಂದಿದೆ ಎಂದುಕೊಂಡು ಅವನು ಇನ್ನೆರಡು ಸಲ ಲಿವರು ಎಳೆದು ತೋರಿಸಿದ. ಆಕೆ ಸಂಜೆ ಬಸ್ಸಿಗೆ ಹೊರಟಾಗ ಸೀರೆಯನ್ನೂ ಬಳೆಯನ್ನೂ ವಾಪಸು ಒಯ್ಯಲು ಮನಸ್ಸಾಗದೆ ಕಸ್ತೂರಮ್ಮನಿಗೆ ಕೊಟ್ಟು ಹೋದಳು. ನಡುವಿನ ಅಳತೆಯ ಬಳೆ ಕಸ್ತೂರಮ್ಮನ ಕೈಗೆ ಹೇಳಿ ಮಾಡಿಸಿದ ಹಾಗೆ ಕೂತವು. ಈ ಇಡೀ ಪ್ರಕರಣದಲ್ಲಿ ಏನಾದರೂ ದಕ್ಕಿದ್ದು ಆಕೆಯೊಬ್ಬಳಿಗೇ.

ಅದಾದ ಮೇಲೆ ಬಾಗಿಲು ತೆರೆಯಿತು, ಕೆಲಸ ಬಂತು, ಮೀಟರಿನ ಮುಳ್ಳು ವಿರೂಪಾಕ್ಷಪ್ಪನವರಿಗೆ ಸಮಾಧಾನವಾಗುವಂತೆ ಓಡಿತು. ಮೊದಲು ಇಬ್ಬರು ಮಾಡುತ್ತಿದ್ದ ಥ್ರೆಡ್ಡನ್ನು ಮರುಳಸಿದ್ದಪ್ಪ ಒಬ್ಬನೇ, ಅದಕ್ಕಿಂತ ಬೇಗ, ಅದಕ್ಕಿಂತ ನುಣ್ಣಗೆ ಹಾಕಿದ. ಗಿರಾಕಿಗಳು ಹೊಗಳಿದರು. ಆದರೆ 'ಎಳೀರಿ' ಅನ್ನುವ ಅಗತ್ಯ ಈಗ ಇರಲಿಲ್ಲ. ಸರಿ ಬರದಿದ್ದ ದಿನಗಳಲ್ಲಾದರೂ ಹೋಲ್ಡರಿನ ಜೊತೆ ಮಾತಾಡುತ್ತಿದ್ದ. ಸರಿಯಾದ ಮೇಲೆ ಅದರ ಜೊತೆಗೂ ಮಾತು ಉಳಿಯಲಿಲ್ಲ. ಟೀ ಒಂದೇ ಬರತೊಡಗಿತು, ಚಿಕ್ಕಹನುಮಂತಪ್ಪನೇ ಅರ್ಥ ಮಾಡಿಕೊಂಡಿದ್ದ. ಒಂದು ಸಂಜೆ ಬಾಗಿಲು ಹಾಕುವಾಗ, ಬೆಳಗಿನಿಂದ ತಾನು ಒಂದು ಮಾತೂ ಆಡಿಲ್ಲವೆಂದು ಅವನಿಗೆ ಗೊತ್ತಾಯಿತು. ಗಂಟಲು ಇದೆಯೋ ಇಲ್ಲವೋ ನೋಡೋಣವೆಂದು ತಾನೇ ಮೆಲ್ಲಗೆ 'ಹೂಂ' ಅಂದುಕೊಂಡ. ಅದು ಬುಡನ್‌ಸಾಬನ ಹೂಂ ಥರ ಇರಲಿಲ್ಲ. ಅವನಿಗೆ ಬುಡನ್‌ಸಾಬ್ ಬೇಕಾಗಿತ್ತು. ಇಷ್ಟು ಚಿಕ್ಕ ವಿಷಯ ತಿಳಿಯಲು ಒಂದು ಹೋಲ್ಡರನ್ನೇ ಮಾಡಬೇಕಾಯಿತು.

ಬುಡನ್‌ಸಾಬ್ ಬಂದದ್ದು ಒಂದು ಬೆಳಗ್ಗೆ. ಇಸ್ತ್ರಿ ಮಾಡಿದ ಶರ್ಟು, ತಲೆಗೆ ಎಣ್ಣೆ, ಮುಖದಲ್ಲಿ ಸಿಟ್ಟು. ಒಳಗೆ ಬರದೆ ಬಾಗಿಲಲ್ಲೇ ನಿಂತು ಕಣ್ಣಾಡಿಸಿದ.

"ಯಾರ್ರೀ ಅವ್ರು?" ಅಂದ.

"ಯಾರು?"

"ನನ್ ಜಾಗಕ್ಕೆ ಬಂದೋರು."

ಮರುಳಸಿದ್ದಪ್ಪ ಕೈ ಒರೆಸಿಕೊಳ್ಳುತ್ತ ಬಾಗಿಲ ಕಡೆಗೆ ಬಂದ. ಅವತ್ತು ನಾನು ಅಂದದ್ದು ತಪ್ಪು, ಆ ಥ್ರೆಡ್ಡು ಇಬ್ಬರದೂ, ಬಂದುಬಿಡಿ: ಇಷ್ಟನ್ನು ಹೇಳಬೇಕೆಂದು ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿಕೊಂಡು ಹದ ಮಾಡಿಟ್ಟಿದ್ದ. ಮಾತು ನಾಲಿಗೆಯ ತುದಿಗೂ ಬಂತು. ಆದರೆ ತಾನು ಮಾಡಿದ್ದನ್ನು ತೋರಿಸಬೇಕಾದವರಿಗೆ ತೋರಿಸುವ ಆಸೆ ಅದಕ್ಕಿಂತ ಮುಂದೆ ಬಂದು ನಿಂತಿತು. ಇಡೀ ತಾಲ್ಲೂಕಿನಲ್ಲಿ ಆ ಹೋಲ್ಡರು ಏನೆಂದು ಪೂರ್ತಿ ಅರ್ಥವಾಗುವ ಮನುಷ್ಯ ಒಬ್ಬನೇ, ಅವನು ಈಗ ಬಾಗಿಲಲ್ಲಿ ನಿಂತಿದ್ದಾನೆ.

"ಬರ್ರಿ, ತೋರಿಸ್ತೀನಿ," ಅಂದ.

ಬುಡನ್‌ಸಾಬ್ ಬಂದು ನೋಡಿದ. ಲಿವರು ತಳ್ಳಿದ, ಎಳೆದ. ಕಿವಿಯನ್ನು ಹತ್ತಿರ ತಂದು ಸದ್ದು ಕೇಳಿದ. ಉಗುರಿನಿಂದ ಅಲ್ಲಾಡಿಸಿ ನೋಡಿದ, ಕಣ್ಣು ಮುಚ್ಚಿ ಬೆರಳಾಡಿಸಿದ. ಅವನು ಒಂದು ಕುಂದು ಹುಡುಕುತ್ತಿದ್ದ. ಎಲ್ಲಾದರೂ ಸ್ವಲ್ಪ ಸಡಿಲವಿದ್ದಿದ್ದರೆ, ಬೈಯುತ್ತ ಶರ್ಟಿನ ತೋಳು ಮಡಚಿ ಸರಿಮಾಡಲು ನಿಲ್ಲುತ್ತಿದ್ದ, ಹಾಗೇ ನಿಂತುಬಿಡುತ್ತಿದ್ದ. ಮರುಳಸಿದ್ದಪ್ಪ ಜನ್ಮದಲ್ಲಿ ಮಾಡಿದ ಕೆಲಸಗಳಲ್ಲಿ ಪ್ರತಿಯೊಂದಕ್ಕೂ ಒಂದು ಕುಂದು ಇದ್ದೇ ಇರುತ್ತಿತ್ತು. ಇದಕ್ಕೆ ಇರಲಿಲ್ಲ.

"ಚೆನ್ನಾಗೈತೆ," ಅಂದ ಬುಡನ್‌ಸಾಬ್ ಕೊನೆಗೆ. ಸಿಟ್ಟು ಹೋಗಿತ್ತು, ಅದರ ಜಾಗಕ್ಕೆ ಬಂದದ್ದು ಏನೆಂದು ಹೇಳಲಾಗದು. ಜಗಳೂರಿನಲ್ಲಿ ತಾನೂ ಒಬ್ಬನೇ ಎಂದ. ಅಳಿಯ ಬೋರ್‌ವೆಲ್ಲಿನ ಲಾರಿಗಳ ಹಿಂದೆ ಓಡಾಡುತ್ತಾನೆ, ಶೆಡ್ಡಿನಲ್ಲಿ ನಿಲ್ಲುವುದೇ ಇಲ್ಲ. ಆಮೇಲೆ ನೆಲ ನೋಡುತ್ತ ಹೇಳಿದ:

"ನಿಮ್ ಲಿವರ್ ಕೆಲಸ ಕಲಿಯಾಕೆ ಹೋದೆ. ಅದು ಬಂತು. ಆದ್ರೆ ಕಣ್ಣು ಅದ್ರ ಮ್ಯಾಲಿದ್ರೆ ನನ್ ಕೈ ಕೆಲಸಾನೇ ಮರೆತು ಹೋಗ್ತೈತೆ. ನಂಗೂ ಇಂಥಾದ್ದೊಂದು ಮಾಡಿ ಕೊಡ್ರಿ."

ಇಲ್ಲ ಅನ್ನಬಹುದಿತ್ತು. ಇಲ್ಲೇ ಇರಿ ಅನ್ನಬಹುದಿತ್ತು. ಮರುಳಸಿದ್ದಪ್ಪ, "ಅದಕ್ಕೇನ್ರಿ, ಸಂಜೆ ಒಳಗೆ ಆಗ್ತೈತೆ," ಅಂದ.

ಅಳತೆ ತೆಗೆಯಲು ಮೊದಲನೆಯ ಹೋಲ್ಡರನ್ನು ಮೆಶಿನ್ನಿನಿಂದ ಬಿಚ್ಚಿ ಟೇಬಲ್ಲಿನ ಮೇಲೆ ಇಟ್ಟರು. ಈ ಸಲ ಅನುಮಾನವಿರಲಿಲ್ಲ, ಎಲ್ಲೆಲ್ಲಿ ಎಷ್ಟೆಷ್ಟು ಎಂಬುದು ಗೊತ್ತಿತ್ತು. ಒಬ್ಬ ಕೊರೆದ ಹಾಗೆ ಇನ್ನೊಬ್ಬ ಅರ ಹಿಡಿದು ಉಜ್ಜಿದ. ಮಧ್ಯಾಹ್ನದ ಹೊತ್ತಿಗೆ ಹೊಸದಕ್ಕೆ ಹಾಕಬೇಕಾದ ಸ್ಕ್ರೂಗೆ ಥ್ರೆಡ್ಡು ಕೊರೆಯುವ ಸರದಿ ಬಂತು. ಹೋಲ್ಡರು ಟೇಬಲ್ಲಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಯಾರೂ ಹೇಳದೆಯೇ ಬುಡನ್‌ಸಾಬ್ ಶರ್ಟು ಬಿಚ್ಚಿ ಮೊಳೆಗೆ ಹಾಕಿ, ಎಡಗಡೆಗೆ ಬಂದು ಹ್ಯಾಂಡಲ್ಲು ಹಿಡಿದು ನಿಂತ.

"ಎಳೀರಿ."

"ಹೂಂ."

"ಕೂರಿಸ್ರಿ."

"ಹೂಂ."

ಅಂಗಡಿ ತೆರೆದ ಹೊಸದರಲ್ಲಿ ಗಿರಾಕಿಗಳ ಮುಂದೆ ಮರ್ಯಾದೆ ಇರಲಿ ಎಂದು ಶುರುಮಾಡಿದ್ದ ಆ 'ರೀ' ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಉದುರಿಹೋಯಿತು. ಎಳಿ ಸಾಬ, ಹೂಂ ಸಿದ್ದ, ಎಂದು ದಾವಣಗೆರೆಯಲ್ಲಿ ಕಲಿಯುವಾಗ ಆಡುತ್ತಿದ್ದ ಮಾತಾಯಿತು. ಕಸ್ತೂರಮ್ಮ ಗಿರಣಿ ನಿಲ್ಲಿಸಿ ಹೊಸ ಸೀರೆಯ ಸೆರಗು ಹೊದ್ದುಕೊಂಡು ಬಾಗಿಲಿಗೆ ಬಂದು ನೋಡಿದಳು. ಅವಳಿಗೆ ಹೇಳುವಂಥದ್ದು ಏನೂ ಕಾಣಲಿಲ್ಲ, ಇಬ್ಬರು ಗಂಡಸರು ಒಂದು ಸ್ಕ್ರೂ ಮಾಡುತ್ತಿದ್ದರು. ಆ ಸ್ಕ್ರೂ ಎರಡಂಗುಲದ್ದು, ಅದಕ್ಕೆ ಅಷ್ಟು ಹೊತ್ತು ಬೇಕಾಗಿರಲಿಲ್ಲ. ಅವತ್ತು ಇಬ್ಬರೂ ಪ್ರತಿಸಲ ಕೂದಲೆಳೆಗಿಂತ ತೆಳ್ಳಗೆ ಕೊರೆದರು. ಆದರೂ ಅದು ಮುಗಿಯಿತು, ಎರಡಂಗುಲದ ಸ್ಕ್ರೂ ಎಷ್ಟಾದರೂ ಎರಡಂಗುಲದ್ದೇ.

ಸಂಜೆ ದಾವಣಗೆರೆಯ ಬಸ್ಸಿಗೆ ಮರುಳಸಿದ್ದಪ್ಪನೇ ಬಿಡಲು ಹೋದ. ಹೋಲ್ಡರನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಪೇಪರು ಸುತ್ತಿ, ದಾರ ಕಟ್ಟಿ ಕೊಟ್ಟಿದ್ದ. ಬುಡನ್‌ಸಾಬ್ ಕಿಟಕಿಯ ಪಕ್ಕ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡ. ಇಬ್ಬರೂ ಬಸ್ಸಿನ ಚಕ್ರದ ಬಗ್ಗೆ ಮಾತಾಡಿದರು, ಹೊನ್ನಾಳಿ ಸೇತುವೆಯ ಬಗ್ಗೆ ಮಾತಾಡಿದರು. ಕಂಡಕ್ಟರು ಸೀಟಿ ಊದಿದ. ಆಗ ಬುಡನ್‌ಸಾಬ್ ಕಿಟಕಿಯಿಂದ ಬಗ್ಗಿ, ಏನೋ ನೆನಪಾದವನ ಹಾಗೆ ಕೇಳಿದ:

"ಸಿದ್ದ, ಇದು ಕೆಟ್ರೆ?"

ಮರುಳಸಿದ್ದಪ್ಪನಿಗೆ ತನ್ನ ಕೆಲಸದ ಮೇಲೆ ಯಾರಾದರೂ ಅನುಮಾನಪಟ್ಟರೆ ಆಗುತ್ತಿರಲಿಲ್ಲ.

"ಕೆಡಲ್ಲ," ಅಂದ ಎದೆಯುಬ್ಬಿಸಿ. "ನಿನ್ ಮೊಮ್ಮಕ್ಳ ಕಾಲಕ್ಕೂ ಕೆಡಲ್ಲ."

ಬುಡನ್‌ಸಾಬ್ ತಲೆಯಾಡಿಸಿ ಸರಿ ಅಂದ. ಮುಖ ಒಳಗೆ ಎಳೆದುಕೊಂಡ. ಬಸ್ಸು ಹೊರಟಿತು.

ಬಸ್ಸು ಸ್ಟ್ಯಾಂಡು ದಾಟಿ ಹೊನ್ನಾಳಿ ರಸ್ತೆಗೆ ತಿರುಗುವ ತನಕ ಮರುಳಸಿದ್ದಪ್ಪ ಹೆಮ್ಮೆಯಿಂದಲೇ ನಿಂತಿದ್ದ. ಆಮೇಲೆ ಬುಡನ್‌ಸಾಬ್ ಕೇಳಿದ್ದು ಏನೆಂದು ಅವನಿಗೆ ಅರ್ಥವಾಯಿತು. ಅರ್ಥವಾದದ್ದೇ ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ಕಡಲೆಕಾಯಿ ಬುಟ್ಟಿ ದಾಟಿ, ಎಮ್ಮೆ ದಾಟಿ, ಎರಡೂ ಕೈ ಎತ್ತಿಕೊಂಡು ಬಸ್ಸಿನ ಹೊಗೆಯೊಳಗೆ ಓಡುತ್ತ ಕೂಗಿದ:

"ಕೆಡ್ತೈತೆ ಸಾಬ! ಬಾಳ ಬೇಗ ಕೆಡ್ತೈತೆ! ತಗಂಡು ಬಾ!"

ಬಸ್ಸು ನಿಲ್ಲಲಿಲ್ಲ. ಅವನು ಮೊಣಕಾಲಿನ ಮೇಲೆ ಕೈಯೂರಿ ನಿಂತು ಏದುಸಿರು ಬಿಟ್ಟ. ರಸ್ತೆಯ ಪಕ್ಕದಲ್ಲಿ ಹಿಂದಿನ ದಿನವಷ್ಟೇ ಶಾಫ್ಟು ಮಾಡಿಸಿಕೊಂಡು ಹೋಗಿದ್ದ ಸವಳಂಗದ ಗಿರಾಕಿಯೊಬ್ಬರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅವರು ಈ ಘೋಷಣೆ ಕೇಳಿ ಗಾಬರಿಯಾಗಿ ಹತ್ತಿರ ಬಂದರು. ತಮ್ಮದೂ ಕೆಡುತ್ತದೆಯೇ ಎಂದು ಕೇಳಿದರು.

ಮರುಳಸಿದ್ದಪ್ಪ ತಲೆಯೆತ್ತದೆ ಕೈಯಾಡಿಸಿದ.

"ಇಲ್ರೀ, ನಿಮ್ದು ಕೆಡಲ್ಲ. ಅದೊಂದು ಕೆಟ್ರೆ ಸಾಕಾಗಿತ್ತು."